ಶಾಂತಿಪಾಲನೆಗೆ ಹೋಗುವ ಪೊಲೀಸ್ ಅಧಿಕಾರಿಗೆ ಅಲ್ಲಿನ ಕೆಲಸದಲ್ಲಿ ನಿಷ್ಠೆ ಹುಟ್ಟುತ್ತದೆಯೇ?

ಬಾಗಲಕೋಟೆ ಜಿಲ್ಲೆಯಲ್ಲಿ ಪಿಎಸ್‌ಐ ಆಗಿರುವ ತಮ್ಮ ಅಣ್ಣನವರು ವಿಶ್ವಸಂಸ್ಥೆಯ ಶಾಂತಿಪಾಲನಾ ಸೇವೆಗೆ ಹೋಗಲು ಯೋಚಿಸುತ್ತಿದ್ದಾರೆಂದೂ, ಒಂದು ವರ್ಷಕ್ಕೆಂದು ಪರದೇಶಕ್ಕೆ ಹೋದವರಿಗೆ ಆ ಕೆಲಸದಲ್ಲಿ ನಿಜವಾದ ನಿಷ್ಠೆ ಹುಟ್ಟಲು ಸಾಧ್ಯವೇ, ಎಲ್ಲರೂ ಹೋಗುವುದು ಭತ್ಯೆಗಾಗಿಯೇ ಅಲ್ಲವೇ ಎಂದೂ ತಾವು ಕೇಳಿದ್ದೀರಿ. ವಿಜಯಪುರ ಜಿಲ್ಲೆಯ ಠಾಣೆಗಳಲ್ಲಿ ಬಹುಕಾಲ ಕೆಲಸ ಮಾಡಿ, ನಡುವೆ ದಕ್ಷಿಣ ಸುಡಾನಿನ ಮಲಕಾಲ್‌ನಲ್ಲಿ ಸೇವೆ ಸಲ್ಲಿಸಿ, ಈಗ ನಿವೃತ್ತನಾಗಿರುವ ನಾನು ಕಂಡುಂಡದ್ದನ್ನು ಬರೆಯುತ್ತೇನೆ.

ಭತ್ಯೆಯ ಮಾತನ್ನು ಮೊದಲು ಮುಗಿಸಿಬಿಡೋಣ. ಬಿಡಿಯಾಗಿ ಆಯ್ಕೆಯಾಗಿ ಹೋಗುವ ಅಧಿಕಾರಿಗೆ ಊರಿನ ಸಂಬಳ ನಿಲ್ಲುವುದಿಲ್ಲ, ಅದರ ಮೇಲೆ ವಿಶ್ವಸಂಸ್ಥೆಯ ದಿನಭತ್ಯೆ ಸಿಗುತ್ತದೆ. ಇಡೀ ತುಕಡಿಯಾಗಿ ಹೋಗುವವರ ವಿಷಯ ಬೇರೆ, ಅಲ್ಲಿ ವಿಶ್ವಸಂಸ್ಥೆ ಹಣವನ್ನು ಅವರ ಸರ್ಕಾರಕ್ಕೆ ಮರುಪಾವತಿ ಮಾಡುತ್ತದೆ. ಸಾಲ ತೀರಿಸಲು, ಮನೆ ಕಟ್ಟಿಸಲು ಹೋದವರನ್ನು ನಾನು ನೋಡಿದ್ದೇನೆ, ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ಅಂಥವರಲ್ಲಿಯೇ ಕೆಲವರು ಅತ್ಯಂತ ಮನಸ್ಸಿಟ್ಟು ದುಡಿದದ್ದನ್ನೂ ಕಂಡಿದ್ದೇನೆ. ಆದ್ದರಿಂದ ಹೋಗುವ ಕಾರಣವನ್ನು ನೋಡಿ ಮುಂದಿನ ನಿಷ್ಠೆಯನ್ನು ಅಳೆಯಲಾಗದು.

ನಿಷ್ಠೆಯನ್ನು ನಿಜವಾಗಿ ಪರೀಕ್ಷಿಸುವುದು ಅಧಿಕಾರವಿಲ್ಲದ ಸ್ಥಿತಿ. 1999ರಲ್ಲಿ ಕೊಸೊವೊ ಮತ್ತು ಪೂರ್ವ ತಿಮೋರ್‌ಗೆ ಹೋದ ವಿಶ್ವಸಂಸ್ಥೆಯ ಪೊಲೀಸರಿಗೆ ಕಾನೂನು ಜಾರಿ ಮಾಡುವ, ಬಂಧಿಸುವ ಅಧಿಕಾರವಿತ್ತು. ದಕ್ಷಿಣ ಸುಡಾನಿನಲ್ಲಿ ಹಾಗಿಲ್ಲ. ಅಲ್ಲಿ ಸಲಹೆ ಕೊಡುವುದು, ಗಸ್ತು ತಿರುಗುವುದು, ನಿರಾಶ್ರಿತರ ಶಿಬಿರದ ದ್ವಾರದಲ್ಲಿ ಆಯುಧ ತಪಾಸಣೆ ಮಾಡುವುದು, ಕಂಡದ್ದನ್ನು ವರದಿ ಬರೆಯುವುದು, ಇವೇ ಮುಖ್ಯ ಕೆಲಸ. ಎಫ್‌ಐಆರ್ ದಾಖಲಿಸಿ, ಆರೋಪಿಯನ್ನು ಹಿಡಿದು, ದೋಷಾರೋಪ ಪಟ್ಟಿ ಸಲ್ಲಿಸಿದಾಗಲೇ ಕೆಲಸ ಮುಗಿಯಿತೆಂದು ತಿಳಿದು ಬೆಳೆದ ನಮ್ಮ ಅಧಿಕಾರಿಗೆ, ಕಣ್ಣೆದುರು ಅಪರಾಧ ನಡೆದರೂ ಟಿಪ್ಪಣಿ ಬರೆದುಕೊಂಡು ಬರಬೇಕಾದಾಗ ಕೈ ಕಟ್ಟಿದಂತಾಗುತ್ತದೆ. ಹಲವರ ಉತ್ಸಾಹ ಇಲ್ಲಿಯೇ ಇಳಿಯುತ್ತದೆ. ಆಮೇಲೆ ಅವರು ರಜೆಯ ದಿನಾಂಕವನ್ನೇ ಎಣಿಸುತ್ತಾರೆ.

ಮಲಕಾಲ್ ಶಿಬಿರದಲ್ಲಿ ಇನ್ನೊಂದು ತೊಡಕೂ ಇತ್ತು. 2013ರ ಡಿಸೆಂಬರ್‌ನಲ್ಲಿ ರಾಜಧಾನಿ ಜೂಬಾದಲ್ಲಿ ಆರಂಭವಾದ ಯುದ್ಧ ಊರೂರಿಗೆ ಹಬ್ಬಿದಾಗ ಸಾವಿರಾರು ಜನ ವಿಶ್ವಸಂಸ್ಥೆಯ ನೆಲೆಗಳೊಳಗೆ ಓಡಿಬಂದು ಆಶ್ರಯ ಪಡೆದಿದ್ದರು. 2016ರ ಫೆಬ್ರವರಿಯಲ್ಲಿ ಅದೇ ಮಲಕಾಲ್ ಶಿಬಿರದ ಮೇಲೆ ದಾಳಿ ನಡೆದು ಜನ ಸತ್ತರು, ಗುಡಿಸಲುಗಳು ಸುಟ್ಟುಹೋದವು. ನಾನು ಹೋದದ್ದು ಅದಾದ ಮೇಲೆ. ವಿಶ್ವಸಂಸ್ಥೆಯವರ ನೀಲಿ ಟೊಪ್ಪಿಗೆಯ ಮೇಲೆ ಆ ಜನರಿಗೆ ನಂಬಿಕೆ ಉಳಿದಿರಲಿಲ್ಲ, ಉಳಿಯಬೇಕೆಂದು ಕೇಳುವ ಹಕ್ಕೂ ನಮಗಿರಲಿಲ್ಲ. ಇಂಡಿ, ಚಡಚಣ ಕಡೆಯ ಭೀಮಾತೀರದಲ್ಲಿ ಸಾಕ್ಷಿಗಳು ಬಾಯಿ ಬಿಡದಿರುವುದನ್ನು ಕಂಡಿದ್ದ ನನಗೆ ಆ ಮೌನದ ಅರ್ಥ ಬೇಗ ತಿಳಿಯಿತು: ಇವತ್ತು ಕೇಳಿಸಿಕೊಂಡವನು ನಾಳೆಯೂ ಇಲ್ಲಿ ಇರುತ್ತಾನೆಂಬ ಖಾತ್ರಿ ಇಲ್ಲದೆ ಯಾರೂ ದೂರು ಹೇಳುವುದಿಲ್ಲ.

ನನಗಿಂತ ಮೊದಲು ಆ ವಿಭಾಗವನ್ನು ನೋಡಿಕೊಂಡಿದ್ದವರು ರುವಾಂಡಾದ ಒಬ್ಬ ಮಹಿಳಾ ಅಧಿಕಾರಿ. ಹೊರಡುವಾಗ ಅವರು ನಿಗದಿತ ನಮೂನೆಯ ಪ್ರಭಾರ ವರದಿಯ ಜೊತೆಗೆ ಒಂದು ಇನ್ನೂರು ಪುಟದ ನೋಟುಪುಸ್ತಕವನ್ನೂ ಕೊಟ್ಟರು. ಯಾವ ಶೌಚಾಲಯದ ಸಾಲಿನಲ್ಲಿ ದೀಪ ಉರಿಯುವುದಿಲ್ಲ, ಯಾವ ನಲ್ಲಿಯ ಬಳಿ ಸಂಜೆ ಜಗಳ ಹತ್ತುತ್ತದೆ, ಸೌದೆಗೆ ಹೊರಗೆ ಹೋಗುವ ಹೆಂಗಸರು ಯಾವ ದಾರಿಗೆ ಹೆದರುತ್ತಾರೆ, ಶಿಬಿರದ ಹಿರಿಯರಲ್ಲಿ ಯಾರ ಮಾತನ್ನು ಹುಡುಗರು ಕೇಳುತ್ತಾರೆ ಎಂಬುದೆಲ್ಲ ಅದರಲ್ಲಿ ಕೈಯಲ್ಲಿ ಬರೆದ ನಕ್ಷೆಗಳೊಂದಿಗೆ ಇತ್ತು. ಅವರು ಸ್ವತಃ ಬಂದು ಆ ಹಿರಿಯರಿಗೆ ನನ್ನನ್ನು ಪರಿಚಯಿಸಿ, ಅರ್ಧಕ್ಕೆ ನಿಂತಿದ್ದ ದೂರುಗಳನ್ನು ಅವರ ಎದುರಿಗೇ ನನಗೆ ಒಪ್ಪಿಸಿದರು. ವೃತ್ತಿನಿಷ್ಠೆ ಎಂದರೆ ನನ್ನ ಕಣ್ಣಿಗೆ ಬರುವುದು ಆ ಪುಸ್ತಕ. ಅದನ್ನು ಬರೆಯಲು ಅವರಿಗೆ ಯಾರೂ ಆದೇಶಿಸಿರಲಿಲ್ಲ, ಅದಕ್ಕಾಗಿ ಯಾವ ಪದಕವೂ ಇರಲಿಲ್ಲ, ತನ್ನ ಕೆಲಸದ ಫಲವನ್ನು ಕಾಣಲು ಅವರು ಅಲ್ಲಿ ಇರುತ್ತಲೂ ಇರಲಿಲ್ಲ.

ಲೈಬೀರಿಯಾದಲ್ಲಿ ನಮ್ಮ ಸಿಆರ್‌ಪಿಎಫ್ ಮಹಿಳಾ ತುಕಡಿ ಹೆಸರು ಮಾಡಿದ್ದಕ್ಕೂ ಇಂಥ ಮುಂದುವರಿಕೆಯೇ ಮುಖ್ಯ ಕಾರಣ ಎಂಬುದು ನನ್ನ ಅಭಿಪ್ರಾಯ. ಶಾಂತಿಪಾಲನೆಯ ಇತಿಹಾಸದಲ್ಲಿ ಮಹಿಳೆಯರೇ ತುಂಬಿದ ಮೊದಲ ಪೊಲೀಸ್ ತುಕಡಿಯದು. 2007ರಲ್ಲಿ ಮನ್ರೋವಿಯಾ ತಲುಪಿ, 2016ರವರೆಗೆ ಒಂದು ತಂಡದ ನಂತರ ಇನ್ನೊಂದು ತಂಡ ಬಂದು ಅದೇ ಗಸ್ತು, ಅದೇ ಕಾವಲು, ಅದೇ ಜನಸಂಪರ್ಕವನ್ನು ನಡೆಸಿಕೊಂಡು ಹೋಯಿತು. ವ್ಯಕ್ತಿಗಳು ಬದಲಾದರೂ ಊರಿನವರ ಪಾಲಿಗೆ ತುಕಡಿ ಬದಲಾಗಲಿಲ್ಲ. ಬಿಡಿಯಾಗಿ ಹೋಗುವವನ ಬೆನ್ನಿಗೆ ಅಂಥ ಸರಪಳಿ ಇರುವುದಿಲ್ಲವಾದ್ದರಿಂದ ಅದನ್ನು ಅವನೇ ಕಟ್ಟಬೇಕಾಗುತ್ತದೆ.

ಊರಿಗೆ ಮರಳಿದ ಮೇಲೆ ಈ ಅನುಭವವನ್ನು ಯಾರೂ ಕೇಳದಿರುವುದು ಮಾತ್ರ ನನಗೆ ಇಂದಿಗೂ ನೋವಿನ ಸಂಗತಿ. ನಿರಾಶ್ರಿತ ಹೆಂಗಸರಿಂದ ದೂರು ಪಡೆಯುವ ಕಲೆ ನಮ್ಮ ಠಾಣೆಗಳಿಗೂ ಬೇಕಾದದ್ದೇ.

ತಮ್ಮ ಅಣ್ಣನವರು ಭಾಷೆ, ವಾಹನ ಚಾಲನೆ ಮತ್ತು ಗುರಿ ಹೊಡೆಯುವ ಪರೀಕ್ಷೆಗಳಿಗೆ ತಯಾರಿ ನಡೆಸಿರಬಹುದು, ಅವು ಅಭ್ಯಾಸದಿಂದ ಬರುತ್ತವೆ. ಆಯ್ಕೆಯಾದರೆ, ಅಲ್ಲಿಗೆ ಹೋದ ಮೊದಲ ವಾರದಿಂದಲೇ ಮುಂದೆ ಬರುವವರಿಗಾಗಿ ಒಂದು ಪುಸ್ತಕ ಬರೆಯತೊಡಗಲಿ, ದಕ್ಷಿಣ ಸುಡಾನ್ ಸಿಕ್ಕರೆ ಅಲ್ಲಿನ ಆಡುಭಾಷೆಯಾದ ಜೂಬಾ ಅರಬ್ಬಿಯ ನಾಲ್ಕು ಮಾತನ್ನಾದರೂ ಕಲಿಯಲಿ. ಮನೆಯವರಾದ ತಾವು ಫೋನಿನಲ್ಲಿ ಊಟ, ಆರೋಗ್ಯ ವಿಚಾರಿಸಿದ ಮೇಲೆ ಅವರ ಶಿಬಿರದ ಜನರ ಬಗ್ಗೆಯೂ ಕೇಳಿರಿ.