ಗಂಡ ಪಿಎಫ್‌ನಲ್ಲಿ ಅರ್ಧ ಕೇಳುತ್ತಿದ್ದಾರೆ, ಕೊಡಬೇಕಾ?

ಪ್ರಶ್ನೆ: ನನಗೆ 57 ವರ್ಷ. ಕುಶಾಲನಗರದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ (ಕಾಫಿ ಬೀಜ ಸಂಸ್ಕರಿಸುವ ಕಾರ್ಖಾನೆ) ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಮುಂದಿನ ವರ್ಷ ನಿವೃತ್ತಿ. ಗಂಡ ಒಕ್ಕದ, ಅಂದರೆ ಅವರ ಮನೆತನದ, ಜಮ್ಮಾ ತೋಟ (ವಂಶಪಾರಂಪರ್ಯವಾಗಿ ಬಂದ ಕಾಫಿ ತೋಟ) ನೋಡಿಕೊಳ್ಳುತ್ತಾರೆ. ಎರಡು ವರ್ಷದಿಂದ ನಾನು ಬಾಡಿಗೆ ಮನೆಯಲ್ಲಿ ಬೇರೆ ಇದ್ದೇನೆ. ಇಬ್ಬರೂ ಒಪ್ಪಿ ಡೈವೋರ್ಸ್ ತೆಗೆದುಕೊಳ್ಳೋಣ ಅಂತ ಮಾತಾಗಿತ್ತು. ಈಗ ಅವರು ಪಿಎಫ್, ಗ್ರಾಚ್ಯುಟಿ ಎರಡರಲ್ಲೂ ಅರ್ಧ ಕೇಳುತ್ತಿದ್ದಾರೆ. ಅದು ಹಕ್ಕು ಅಂತ ಅಮೆರಿಕದಲ್ಲಿರುವ ಅವರ ಅಣ್ಣನ ಮಗ ಹೇಳಿದನಂತೆ. ತೋಟದ ಮಾತು ಎತ್ತಿದರೆ, 'ಅದು ಒಕ್ಕದ್ದು, ನನ್ನ ಹೆಸರಲ್ಲೇ ಇಲ್ಲ' ಅನ್ನುತ್ತಾರೆ. 2018ರ ಮಳೆಗೆ ತೋಟದ ಬರೆ (ಗುಡ್ಡದ ಇಳಿಜಾರು) ಜರಿದಾಗ ಪಿಎಫ್ ಅಡ್ವಾನ್ಸ್ ತೆಗೆದು ತೋಟಕ್ಕೆ ಹಾಕಿದವಳು ನಾನು. ದುಡ್ಡೆಲ್ಲ ತೆಗೆದು ತನ್ನ ಹೆಸರಲ್ಲಿ ಇಡು ಅಂತ ತಂಗಿ ಹೇಳುತ್ತಾಳೆ. ಮುಂದಿನ ತಿಂಗಳು ಒಕ್ಕದ ಹಿರಿಯರಾದ ಪಟ್ಟೆದಾರರು ಮಾತುಕತೆಗೆ ಕರೆದಿದ್ದಾರೆ. ಏನು ಮಾಡಲಿ?

ಉತ್ತರ: ಅಕ್ಕಾ, ಮೊದಲು ಆ ಹುಡುಗ ಹೇಳಿದ್ದನ್ನೇ ನೋಡೋಣ. ಅವನು ಸುಳ್ಳು ಹೇಳಿಲ್ಲ, ಅವನ ಊರಿನ ಕಾನೂನು ಹೇಳಿದ್ದಾನೆ. ಅಮೆರಿಕದಲ್ಲಿ ಮದುವೆಯಾದ ಮೇಲೆ ಕೂಡಿಟ್ಟ ನಿವೃತ್ತಿ ಹಣವನ್ನು ಕೋರ್ಟ್ ಆದೇಶದ ಮೇಲೆ ಗಂಡ ಹೆಂಡತಿಗೆ ಹಂಚುತ್ತಾರೆ. ನಮ್ಮಲ್ಲಿ ಆ ಪದ್ಧತಿ ಇಲ್ಲ. ಪಿಎಫ್ ಯಾರ ಹೆಸರಲ್ಲಿದೆಯೋ ಅವರದ್ದು. ಅದು ಖಾತೆಯಲ್ಲಿ ಇರುವಷ್ಟು ದಿನ ಸಾಲಗಾರರಿಗೂ ಜಪ್ತಿ ಮಾಡಿಸಲು ಬರುವುದಿಲ್ಲ.

ಹಾಗಂತ ನಿರಾಳವಾಗಬೇಡಿ. ಹಿಂದೂ ವಿವಾಹ ಕಾಯ್ದೆ 1955ರ 25ನೇ ಸೆಕ್ಷನ್ ಪ್ರಕಾರ ಜೀವನಾಂಶವನ್ನು ಹೆಂಡತಿಯೂ ಕೇಳಬಹುದು, ಗಂಡನೂ ಕೇಳಬಹುದು. ಆಗ ಕೋರ್ಟ್ ಇಬ್ಬರ ಆದಾಯ, ಆಸ್ತಿ, ನಡತೆ ಎಲ್ಲವನ್ನೂ ನೋಡುತ್ತದೆ. ನಿಮ್ಮ ಪಿಎಫ್ ಆ ಲೆಕ್ಕದೊಳಗೆ ಬರುತ್ತದೆ. ಅವರ ಕಾಫಿಯೂ ಬರುತ್ತದೆ. ನೀವು ಹಿಡಿದುಕೊಳ್ಳಬೇಕಾದ್ದು ಇದನ್ನೇ.

ಜಮ್ಮಾ ಜಾಗದ ಪಹಣಿ ಪಟ್ಟೆದಾರರ ಹೆಸರಲ್ಲಿ ಇರುವುದು ಕೊಡಗಿನಲ್ಲಿ ಮಾಮೂಲು. ಅದರಲ್ಲಿ ನಿಮಗೆ ಪಾಲು ಕೇಳಲು ಆಗುವುದಿಲ್ಲ, ಆ ಮಟ್ಟಿಗೆ ಅವರ ಮಾತು ಸರಿ. ಆದರೆ ಜಾಗ ಒಕ್ಕದ್ದಾದರೂ ಫಸಲಿನ ದುಡ್ಡು ಯಾರ ಕೈಗೆ ಬರುತ್ತಿದೆ? 2024ರಲ್ಲಿ ರೋಬಸ್ಟಾ ಕಾಫಿ ದರ ದಾಖಲೆ ಮಟ್ಟಕ್ಕೆ ಏರಿದ್ದನ್ನು ಕ್ಯೂರಿಂಗ್‌ನಲ್ಲಿ ಕೂತಿರುವ ನಿಮಗೆ ನಾನು ಹೇಳಬೇಕಾ! ಬೆಳೆಗಾರ ಚೆರ್ರಿ (ಕಾಫಿ ಹಣ್ಣು) ಒಣಗಿಸಿ ಹಾಗೇ ಮಾರಿದರೆ ಅದಕ್ಕೆ ಆದಾಯ ತೆರಿಗೆ ಇಲ್ಲ. ಹಾಗಾಗಿ ಆ ಆದಾಯ ನಿಮ್ಮ ಸಂಬಳದ ಥರ ತಿಂಗಳು ತಿಂಗಳು ಕಾಗದದಲ್ಲಿ ಕಾಣುವುದಿಲ್ಲ. ಕಾಣುವುದಿಲ್ಲ ಅಂದರೆ ಇಲ್ಲ ಅಂತಲ್ಲ. ವ್ಯಾಪಾರಿ ಕೊಟ್ಟ ತೂಕದ ಚೀಟಿ, ಬ್ಯಾಂಕಿಗೆ ಬಿದ್ದ ಹಣ, ಕರಿಮೆಣಸಿನ ಬಿಲ್, ನಿಮ್ಮ ಹತ್ತಿರ ಏನಿದೆಯೋ ಎಲ್ಲ ಒಂದು ಫೈಲಿಗೆ ಹಾಕಿ. ಪಿಎಫ್ ಪಾಸ್‌ಬುಕ್ಕನ್ನೂ ಪ್ರಿಂಟ್ ತೆಗೆಸಿ. 2018ರ ಅಡ್ವಾನ್ಸ್ ಅದರಲ್ಲಿ ತಾರೀಖು ಸಮೇತ ಇರುತ್ತದೆ. ಆ ಹಣ ಬ್ಯಾಂಕಿಗೆ ಬಂದು ಎಲ್ಲಿಗೆ ಹೋಯಿತು ಅನ್ನುವ ಸ್ಟೇಟ್‌ಮೆಂಟ್ ಸಿಕ್ಕರಂತೂ ತುಂಬಾ ಒಳ್ಳೆಯದು. ಅರ್ಧ ಕೇಳುವವರಿಗೆ ಒಂದು ಪಾಲು ಆಗಲೇ ಅವರ ಬರೆ ಕಟ್ಟಲು ಹೋಗಿದೆ ಅಂತ ತೋರಿಸಬಹುದು.

ತಂಗಿಯ ಸಲಹೆ ಮಾತ್ರ ಬೇಡವೇ ಬೇಡ. ಜೀವನಾಂಶದ ವ್ಯಾಜ್ಯದಲ್ಲಿ ಇಬ್ಬರೂ ಆಸ್ತಿ, ಸಾಲದ ವಿವರವನ್ನು ಪ್ರಮಾಣಪತ್ರದಲ್ಲಿ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿದೆ. ಪಿಎಫ್ ಬಚ್ಚಿಡುವ ವಸ್ತುವೂ ಅಲ್ಲ, ಪ್ರತಿ ತಿಂಗಳ ಲೆಕ್ಕ ದಾಖಲೆಯಲ್ಲಿದೆ. ಸಿಕ್ಕಿಬಿದ್ದರೆ ನಿಮ್ಮ ಉಳಿದ ಮಾತಿಗೂ ಬೆಲೆ ಇರುವುದಿಲ್ಲ.

ಇನ್ನು, ಕೊಡಬೇಕಾ ಅನ್ನುವ ಪ್ರಶ್ನೆ. ಅರ್ಧ ಕೊಡಬೇಡಿ. ಡೈವೋರ್ಸ್ ಆದ ಮೇಲೆ ಅವರಿಗೆ ಮನೆ ಇದೆ, ತೋಟ ಇದೆ, 70 ದಾಟಿದರೂ ಫಸಲು ಬರುತ್ತದೆ. ನಿಮಗೆ ಈ ಇಡುಗಂಟೇ ಮನೆ, ಔಷಧಿ, ಅಡುಗೆ ಎಲ್ಲ. ಪಿಎಫ್ ಜೊತೆ ಬರುವ ಪಿಂಚಣಿ ತಿಂಗಳಿಗೆ ಕೆಲವೇ ಸಾವಿರ. ಆದರೂ ನೀವು ಬಸ್ಸು ಹಿಡಿದು ಕೆಲಸಕ್ಕೆ ಓಡಾಡಿದ ವರ್ಷಗಳಲ್ಲಿ ಅವರು ಮನೆ, ಮಕ್ಕಳನ್ನು ನೋಡಿಕೊಂಡಿದ್ದು ನಿಜವಾದರೆ ಅದನ್ನು ಸೊನ್ನೆ ಮಾಡಬೇಡಿ. ಗ್ರಾಚ್ಯುಟಿಯಲ್ಲಿ ಒಂದು ಗೊತ್ತಾದ ಮೊತ್ತ ಕೊಡಲು ಮನಸ್ಸಿದ್ದರೆ ಒಂದೇ ಸಲ ಕೊಟ್ಟು ಮುಗಿಸಿ. ಪರ್ಸೆಂಟ್ ಲೆಕ್ಕಕ್ಕೆ ಹೋಗಬೇಡಿ, ತಿಂಗಳು ತಿಂಗಳು ಕೊಡುವ ಮಾತೂ ಬೇಡ.

ಏನೇ ಕೊಟ್ಟರೂ ಅದು 13ಬಿ ಅರ್ಜಿಯ, ಅಂದರೆ ಇಬ್ಬರೂ ಒಪ್ಪಿ ಡೈವೋರ್ಸ್ ಕೇಳುವ ಅರ್ಜಿಯ, ಒಪ್ಪಂದದಲ್ಲಿ ಬರಲಿ. ಪಿಎಫ್, ಗ್ರಾಚ್ಯುಟಿ, ಪಿಂಚಣಿ ಮೇಲೆ ಅವರಿಗೆ, ತೋಟದ ಆದಾಯದ ಮೇಲೆ ನಿಮಗೆ ಮುಂದೆ ಯಾವ ತಕರಾರೂ ಇಲ್ಲ ಅಂತ ಹೆಸರು ಹಿಡಿದು ಬರೆಸಿ. ಯಾಕೆಂದರೆ ಜೀವನಾಂಶವನ್ನು ಡೈವೋರ್ಸ್ ಆದ ಮೇಲೂ ಕೇಳಲು ಬರುತ್ತದೆ. ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು. ಎಲ್ಲ ಇತ್ಯರ್ಥವಾಗಿದ್ದರೆ ಅದನ್ನು ಕೋರ್ಟ್ ಮನ್ನಾ ಮಾಡಬಹುದು.

ವಕೀಲರ ಖರ್ಚಿಗೆ ಹೆದರಬೇಡಿ. ಮಡಿಕೇರಿಯಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ, ಹೆಂಗಸರಿಗೆ ಆದಾಯ ಎಷ್ಟಿದ್ದರೂ ಅಲ್ಲಿ ಉಚಿತ ನೆರವು ಸಿಗುತ್ತದೆ. ಈ ವಾರವೇ ಪಿಎಫ್ ನಾಮಿನಿ ಯಾರಿದ್ದಾರೆ ನೋಡಿ. ಮದುವೆಯಾದ ಹೊಸದರಲ್ಲಿ ಬರೆದ ಗಂಡನ ಹೆಸರೇ ಇರಬಹುದು. ಮಕ್ಕಳ ಹೆಸರಿಗೆ ಆನ್‌ಲೈನ್‌ನಲ್ಲೇ ಬದಲಾಯಿಸಬಹುದು.

ಪಟ್ಟೆದಾರರು ಕರೆದಾಗ ಹೋಗಿ. ದೊಡ್ಡವರು, ಹೋಗದಿದ್ದರೆ ಸುಮ್ನೆ ಕಹಿ ಜಾಸ್ತಿಯಾಗುತ್ತದೆ. ಫೈಲಿನ ಜೆರಾಕ್ಸ್ ಮಾತ್ರ ತೆಗೆದುಕೊಂಡು ಹೋಗಿ, ಒರಿಜಿನಲ್ ಮನೆಯಲ್ಲಿರಲಿ. ಅಲ್ಲಿ ಏನೇ ತೀರ್ಮಾನವಾದರೂ, 'ವಕೀಲರಿಗೆ ತೋರಿಸಿ ಹೇಳುತ್ತೇನೆ ಅಜ್ಜ' ಅಂದು ಎದ್ದು ಬನ್ನಿ. ಅವತ್ತು ಯಾವ ಕಾಗದಕ್ಕೂ ಸಹಿ ಹಾಕಬೇಡಿ.