‘ಬಿಸಿನೀರು, ಬಸವಳಿದ ಮೀನು’ ಲೇಖನದ ಬಗ್ಗೆ

ಮಾನ್ಯರೇ,

ನೀರು ಬಿಸಿಯಾದರೆ ಮೀನು ಬಸವಳಿಯುತ್ತದೆ ಎಂದು ವಾದಿಸುವ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆವು. ಕಾರಣಗಳನ್ನು ಮುಚ್ಚುಮರೆಯಿಲ್ಲದೆ ಬರೆಯುತ್ತಿದ್ದೇನೆ, ಬೇಸರಪಡಬೇಡಿ.

ಮೊದಲ ಎರಡು ಪುಟಗಳನ್ನು ನೀವು ಮನುಷ್ಯನ ದುರಾಸೆಗೆ ಮೀಸಲಿಟ್ಟಿದ್ದೀರಿ. ಅವನ್ನು ತೆಗೆದುಹಾಕಿ. ನಿಮ್ಮದೇ ಆದ ಸರಕು ಮೂರನೆಯ ಪುಟದಲ್ಲಿದೆ: ಏಪ್ರಿಲ್ ತಿಂಗಳ ಒಂದು ನಸುಕಿನಲ್ಲಿ ಮಾವನವರ ಹೊಂಡದ ಕಾಟ್ಲಾ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದುದನ್ನೂ, ಪಂಪು ಹಾಕಿದೊಡನೆ ನೀರು ಧುಮುಕುವ ಮೂಲೆಗೆ ಅವೆಲ್ಲ ನುಗ್ಗಿದ್ದನ್ನೂ ನೀವು ಕಣ್ಣಿಗೆ ಕಟ್ಟುವಂತೆ ಬರೆದಿದ್ದೀರಿ. ಆದರೆ ಮರುವಾಕ್ಯದಲ್ಲೇ ‘ಇದು ಬಿಸಿಲಿನ ಹೊಡೆತ’ ಎಂದು ತೀರ್ಪು ಕೊಟ್ಟುಬಿಟ್ಟಿದ್ದೀರಿ. ನಸುಕೆಂದರೆ ಹೊಂಡದ ನೀರು ಇಡೀ ದಿನದಲ್ಲಿ ಹೆಚ್ಚುಕಡಿಮೆ ಅತ್ಯಂತ ತಂಪಾಗಿರುವ ಹೊತ್ತಲ್ಲವೇ? ಬಿಸಿಲೇ ನೇರ ಕಾರಣವಾಗಿದ್ದರೆ ಮೀನುಗಳು ಮಧ್ಯಾಹ್ನ ಮೂರು ಗಂಟೆಗೆ ಏದುಸಿರು ಬಿಡಬೇಕಿತ್ತು.

ಹಗಲಿನಲ್ಲಿ ಆಮ್ಲಜನಕ ಕೊಡುವ ಪಾಚಿಯೇ ಇರುಳಿನಲ್ಲಿ ಮೀನಿನ ಜೊತೆ ಸೇರಿ ಅದನ್ನು ಬಳಸುತ್ತದೆ, ಆದ್ದರಿಂದ ಬೆಳಗಾಗುವ ಹೊತ್ತಿಗೆ ಆಮ್ಲಜನಕ ತಳ ಕಂಡಿರುತ್ತದೆ. ಉಷ್ಣತೆ ಇಲ್ಲಿ ಒಳಸಂಚುಗಾರ. 10 ಡಿಗ್ರಿ ಸೆಲ್ಸಿಯಸ್‌ನ ಸಿಹಿನೀರು ಲೀಟರಿಗೆ ಸುಮಾರು 11.3 ಮಿಲಿಗ್ರಾಂ ಆಮ್ಲಜನಕವನ್ನು ಕರಗಿಸಿಕೊಂಡರೆ, 30 ಡಿಗ್ರಿಯ ನೀರು ಸುಮಾರು 7.5 ಮಿಲಿಗ್ರಾಮಿಗೇ ನಿಲ್ಲುತ್ತದೆ. ಅದೇ ವೇಳೆಗೆ ಮೀನಿನ ಚಯಾಪಚಯವು, ಅಂದರೆ ಮೈಯೊಳಗೆ ಆಮ್ಲಜನಕ ಬಳಸಿ ಶಕ್ತಿ ಪಡೆಯುವ ಕೆಲಸವು, ಪ್ರತಿ ಹತ್ತು ಡಿಗ್ರಿಗೆ ಎರಡು ಮೂರು ಪಟ್ಟು ಏರುವುದರಿಂದ, ಕಣಜ ಬರಿದಾಗುತ್ತಿರುವಾಗಲೇ ಮನೆಗೆ ನೆಂಟರು ಬಂದಂತಾಗುತ್ತದೆ. ಪಂಪಿನ ಮೂಲೆಗೆ ಮೀನುಗಳು ನುಗ್ಗಿದ್ದು ಗಾಳಿ ಬೆರೆತ ನೀರಿಗಾಗಿ. ನಿಮ್ಮ ವಾದಕ್ಕೆ ಬೇಕಾದ ಸಾಕ್ಷಿ ನಿಮ್ಮ ಕೈಯಲ್ಲೇ ಇತ್ತು, ನೀವೇ ಅದನ್ನು ಕೈಬಿಟ್ಟಿದ್ದೀರಿ.

‘ನೀರು ಬಿಸಿಯಾದಷ್ಟೂ ಮೀನು ನಿಧಾನವಾಗಿ ಈಜುತ್ತದೆ’ ಎಂಬ ವಾಕ್ಯವೂ ನಿಲ್ಲುವುದಿಲ್ಲ. ತಣ್ಣನೆಯ ನೀರಿನಲ್ಲಿ ಸ್ನಾಯುಗಳು ಜಡವಾಗಿರುತ್ತವೆ. ಬೆಚ್ಚಗಾದಂತೆ ಮೀನು ಒಂದು ಹಂತದವರೆಗೆ ಚುರುಕಾಗುತ್ತಲೇ ಹೋಗಿ, ಆಮೇಲೆ ಕುಸಿಯುತ್ತದೆ. ಕೆನಡಾದ ಟೊರಾಂಟೊದ ಮೀನು ವಿಜ್ಞಾನಿ ಎಫ್. ಇ. ಜೆ. ಫ್ರೈ 1947ರಲ್ಲಿ ಇದಕ್ಕೊಂದು ಚೌಕಟ್ಟು ಕೊಟ್ಟರು: ಮೀನು ಸುಮ್ಮನಿರುವಾಗ ಬೇಕಾಗುವ ಆಮ್ಲಜನಕಕ್ಕೂ, ಮೈಮುರಿದು ಈಜುವಾಗ ಅದು ಪಡೆಯಬಲ್ಲ ಗರಿಷ್ಠ ಆಮ್ಲಜನಕಕ್ಕೂ ನಡುವಿನ ಅಂತರವೇ ಅದರ ಕಸುವು. ಕೆನಡಾದವರೇ ಆದ ವಿಜ್ಞಾನಿ ಜೆ. ಆರ್. ಬ್ರೆಟ್ ಎಳೆಯ ಸಾಕೈ ಸಾಲ್ಮನ್‌ಗಳನ್ನು (ತಣ್ಣೀರಿನ ಒಂದು ಜಾತಿಯ ಮೀನು) ಕೊಳವೆಯೊಳಗಿನ ಹರಿವಿಗೆ ಎದುರಾಗಿ ಈಜಿಸಿ, ಅವು ಬಳಸಿದ ಆಮ್ಲಜನಕವನ್ನು ಅಳೆದು 1964ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ ಆ ಅಂತರ ಅತಿ ಹೆಚ್ಚಾಗಿದ್ದದ್ದು ಸುಮಾರು 15 ಡಿಗ್ರಿಯಲ್ಲಿ. ಅದರಾಚೆ ಗರಿಷ್ಠ ಮಟ್ಟ ಮೇಲೇರಲಿಲ್ಲ, ಸುಮ್ಮನಿರುವ ಖರ್ಚು ಮಾತ್ರ ಏರುತ್ತಲೇ ಹೋಯಿತು: ಸಂಬಳ ನಿಂತಲ್ಲೇ ನಿಂತು ಬಾಡಿಗೆ ಹೆಚ್ಚಿದ ಹಾಗೆ.

ಕೆನಡಾದ ಫ್ರೇಸರ್ ನದಿಯ ಸಾಕೈಗಳ ಪ್ರಸ್ತಾಪವನ್ನು ನೀವು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ, ಅಲ್ಲಿ ಇನ್ನಷ್ಟು ನಿಲ್ಲಿ. ಮೊಟ್ಟೆಯಿಡಲೆಂದು ಸಮುದ್ರ ಬಿಟ್ಟು ನದಿಗೆ ಬಂದ ಮೇಲೆ ಅವು ಉಣ್ಣುವುದಿಲ್ಲ; ಕೆಲವು ಗುಂಪುಗಳು ಮೈಯಲ್ಲಿರುವ ಕೊಬ್ಬನ್ನೇ ಬುತ್ತಿಯಾಗಿಸಿಕೊಂಡು ಸಾವಿರ ಕಿಲೋಮೀಟರಿಗೂ ಮಿಕ್ಕಿ ಪ್ರವಾಹದ ಎದುರು ಈಜುತ್ತವೆ. ಬೆಚ್ಚಗಿನ ನೀರಿನಲ್ಲಿ ಆ ಬುತ್ತಿ ದಾರಿ ಮಧ್ಯದಲ್ಲೇ ಖಾಲಿಯಾಗಬಹುದು. ಆದರೆ 15 ಡಿಗ್ರಿಯ ಲೆಕ್ಕವನ್ನು ಹೊಂಡದ ಕಾಟ್ಲಾಕ್ಕೆ ಅಂಟಿಸಬೇಡಿ. ಸಾಲ್ಮನ್ ತತ್ತರಿಸುವ 25 ಡಿಗ್ರಿಯಲ್ಲಿ ಕಾಟ್ಲಾ ಹಾಯಾಗಿ ಬೆಳೆಯುತ್ತದೆ.

ಭಾಷೆಯ ಬಗ್ಗೆ ಒಂದೇ ಮಾತು. ‘ಶೀತರಕ್ತ ಪ್ರಾಣಿಯಾದ್ದರಿಂದ ಮೀನಿಗೆ ಶಾಖ ಆಗದು’ ಎಂದಿದ್ದೀರಿ. ಆ ಪದವನ್ನು ಚಾಲ್ತಿಗೆ ತಂದವರ ಮೇಲೆ ನನಗೂ ಸಿಟ್ಟಿದೆ, ಏಕೆಂದರೆ 30 ಡಿಗ್ರಿಯ ನೀರಿನಲ್ಲಿರುವ ಕಾಟ್ಲಾದ ರಕ್ತವೂ ಸರಿಸುಮಾರು 30 ಡಿಗ್ರಿಯೇ ಇರುತ್ತದೆ.

ಮತ್ತೆ ಬರೆಯುವ ಮುನ್ನ ಒಂದು ಥರ್ಮಾಮೀಟರ್ ಹಿಡಿದು, ಮಾವನವರ ಹೊಂಡದ ಉಷ್ಣತೆಯನ್ನು ನಸುಕಿನಲ್ಲೊಮ್ಮೆ, ಮಧ್ಯಾಹ್ನವೊಮ್ಮೆ, ಒಂದು ವಾರ ಬರೆದಿಟ್ಟುಕೊಳ್ಳಿ. ಮೀನುಗಳು ಎಷ್ಟು ಹೊತ್ತಿಗೆ ಮೇಲೆ ಬಂದವು, ಎಷ್ಟು ಹೊತ್ತಿಗೆ ಮತ್ತೆ ತಳಕ್ಕಿಳಿದವು ಎಂಬುದನ್ನೂ ಪಕ್ಕದಲ್ಲೇ ಗುರುತು ಹಾಕಿಕೊಳ್ಳಿ. ಲೇಖನ ಆ ನಸುಕಿನಿಂದಲೇ ಶುರುವಾಗಲಿ.

ಇಂತಿ,
ಸಂಪಾದಕ