ಟ್ರಂಕಿನಲ್ಲಿ ಸಿಕ್ಕ 1971ರ ಯುದ್ಧದ ಅಧಿಕಾರಿಯ ಸಮವಸ್ತ್ರ: ಯಾರದೆಂದು ಪತ್ತೆ ಹೇಗೆ, ದಾವಣಗೆರೆ ಸೆಕೆಯಲ್ಲಿ ಉಳಿಸುವುದು ಹೇಗೆ?

ಮೊದಲು ಒಗೆಯಬೇಡಿ, ಇಸ್ತ್ರಿ ಮಾಡಬೇಡಿ, ಯಾವ ಬ್ಯಾಡ್ಜನ್ನೂ ಬಿಚ್ಚಬೇಡಿ. ಹಳೆಯ ಹೊಲಿಗೆಯ ತೂತುಗಳೂ ಸಾಕ್ಷ್ಯವೇ. ಇದ್ದಂತೆಯೇ ಫೋಟೊ ತೆಗೆಯಿರಿ.

ಹೆಗಲ ಮೇಲೆ ಮೂರು ನಕ್ಷತ್ರವಿದ್ದರೆ ಕ್ಯಾಪ್ಟನ್, ಅಶೋಕ ಸಿಂಹ ಮಾತ್ರವಿದ್ದರೆ ಮೇಜರ್. ಎದೆಯ ಮೇಲಿನ ಪದಕದ ರಿಬ್ಬನ್‌ಗಳನ್ನು ಎದುರಿನಿಂದ ನೋಡಿದಾಗ ಮೇಲಿನ ಸಾಲಿನ ಎಡತುದಿಯದೇ ದೊಡ್ಡ ಗೌರವ. ಅರ್ಧ ಕಡುನೀಲಿ, ಅರ್ಧ ಕೇಸರಿ ಇದ್ದರೆ ವೀರಚಕ್ರ. ಅರ್ಧ ಬಿಳಿ, ಅರ್ಧ ಕೇಸರಿ ಇದ್ದರೆ ಮಹಾವೀರಚಕ್ರ. ಆದರೆ ರಿಬ್ಬನ್ ಅಂಗಡಿಯಲ್ಲೂ ಸಿಗುತ್ತದೆ, ಅದೊಂದನ್ನೇ ನಂಬಬೇಡಿ. ಜೊತೆಗೆ ಪದಕವಿದ್ದರೆ ಅದರ ಅಂಚನ್ನು ಭೂತಗನ್ನಡಿಯಲ್ಲಿ ನೋಡಿ: ಸಾಮಾನ್ಯವಾಗಿ ಸೇವಾ ಸಂಖ್ಯೆ, ಹುದ್ದೆ, ಹೆಸರು ಕೊರೆದಿರುತ್ತದೆ. ಸಂಖ್ಯೆಯ ಮುಂದೆ 'ಐಸಿ' ಇದ್ದರೆ ಕಾಯಂ ಕಮಿಷನ್ (ಅಧಿಕಾರಿಯಾಗಿ ನೇಮಕ), 'ಇಸಿ' ಇದ್ದರೆ ತುರ್ತು ಕಮಿಷನ್. ಆ ಹೆಸರನ್ನು ಭಾರತದ ರಾಜಪತ್ರದ (ಗೆಜೆಟ್) ಶೌರ್ಯ ಪ್ರಶಸ್ತಿ ಪಟ್ಟಿಯೊಂದಿಗೆ ತಾಳೆ ನೋಡಿ.

ಉಣ್ಣೆಗೆ ನುಸಿಯೇ ಶತ್ರು. ಚಳ್ಳಕೆರೆ ಕಡೆ ಕಂಬಳಿ ಇಟ್ಟುಕೊಂಡವರಿಗೆ ಇದು ಗೊತ್ತೇ ಇದೆ. ಲೋಹದ ಬ್ಯಾಡ್ಜ್ ಇಲ್ಲದ ಬಟ್ಟೆಯಾದರೆ ಗಾಳಿಯಾಡದಂತೆ ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ ಒಂದು ದಿನ ಬಿಚ್ಚಬೇಡಿ, ಬಿಚ್ಚಿದರೆ ಬಟ್ಟೆಯ ಮೇಲೇ ನೀರು ಕೂರುತ್ತದೆ. ಆಮೇಲೆ ಗಂಜಿ ತೆಗೆದ ಕೋರಾ ಬಟ್ಟೆಯಲ್ಲಿ ಸುತ್ತಿಡಿ. ಹಿತ್ತಾಳೆ ಗುಂಡಿಗೆ ಪಾಲಿಶ್ ಹಚ್ಚಬೇಡಿ: ಬಿಳಿ ಪುಡಿ ಉಣ್ಣೆಯೊಳಗೆ ಕೂರುತ್ತದೆ, ಗುಂಡಿಯ ಮೇಲಿನ ರೆಜಿಮೆಂಟ್ ಗುರುತೂ ಸವೆಯುತ್ತದೆ.